ಸೂಲಗಿತ್ತವ್ವನನ್ನು ಮಣೆಯ ಮೇಲೆ ಕೂರಿಸಿದ್ದು

ಕುಕ್ಕರಗಾಲಿನಲ್ಲಿ ಕೂತರೆ ಅವಳ ಎರಡೂ ಹಿಮ್ಮಡಿ ನೆಲಕ್ಕೆ ಅಂಟಿಕೊಂಡಿರುತ್ತಿದ್ದವು. ಗೋಡೆಗೆ ಒರಗುತ್ತಿರಲಿಲ್ಲ, ಕೈ ಊರುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಹರಳೆಣ್ಣೆ ಸವರಿದ ಕೈಗಳನ್ನು ಮೊಣಕಾಲುಗಳ ನಡುವಿನಿಂದ ಮುಂದಕ್ಕೆ ಚಾಚಿ, ಅರ್ಧ ದಿನ ಬೇಕಾದರೂ ಹಾಗೇ ಕೂತಿರುತ್ತಿದ್ದಳು. ನಮ್ಮ ಹೊನ್ನೂರಿನ ಅರ್ಧ ಜನ ಈ ಲೋಕಕ್ಕೆ ಬಂದಾಗ ಮೊದಲು ಕಂಡದ್ದು ಆ ಎರಡು ಮೊಣಕಾಲನ್ನೇ ಎಂದು ನನ್ನ ತಾಯಿ ನಗಾಡುತ್ತಿದ್ದಳು. ನಾನೂ ಅದೇ ಮೊಣಕಾಲುಗಳ ನಡುವೆ ಬಂದವಳು.

ಹಾಗೆ ಕೂರುವ ಭಾಗ್ಯವನ್ನು ಅವಳಿಂದ ಕಿತ್ತುಕೊಂಡವರು ನಾವು. ನಾವು ಅಂದರೆ ಮುಖ್ಯವಾಗಿ ನಾನು. ಅದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ಈಗ ನನ್ನದಲ್ಲ.

ಊರಿಗೆಲ್ಲ ಅವಳು ಸೂಲಗಿತ್ತವ್ವ. ಗಂಡ ತೀರಿಕೊಂಡ ಮೇಲೆ ತಂಗಿಯ ಮಗನ ಮನೆಯಲ್ಲಿ ಇದ್ದಳು. ಕರಿಯ ಮೈ, ಗಿಡ್ಡ ಆಳು, ದೊಡ್ಡ ಗಂಟಲು. ಬಸುರಿಯರನ್ನು ದಾರಿಯಲ್ಲಿ ಕಂಡರೆ ನಿಲ್ಲಿಸಿ ನಡಿಗೆ ನೋಡಿ, "ವಸಿ ನಿಧಾನ್ಕೆ ಓಗವ್ವ, ಒಳ್ಗಡೆ ಇರೋನು ಮಲ್ಗವ್ನೆ" ಅನ್ನುತ್ತಿದ್ದಳು. ಹೆರಿಗೆ ಮನೆಯಲ್ಲಿ ಅವಳ ಬಾಯಿಗೆ ಹೆದರಿಯೇ ಎಷ್ಟೋ ಜನ ಅಳು ನುಂಗುತ್ತಿದ್ದರು. "ಒಂಬತ್ ತಿಂಗ್ಳು ಗುಟ್ಟಾಗಿ ಮಡಿಕಂಡಿದ್ದೆ, ಈಗ ಕೊಡು ಅಂದ್ರೆ ಅಳ್ತೀಯಲ್ಲ, ಯಾರಪ್ಪನ್ ಮನೆ ಗಂಟು ಕಣವ್ವ ಇದು?" ಅನ್ನುವಳು. ನೋವಿನಲ್ಲೂ ನಗು ಬಂದುಬಿಡುತ್ತಿತ್ತು. ಆದರೆ ಯಾರಾದರೂ ಅವಸರ ಮಾಡಿದರೆ ಅವಳಿಗೆ ಸಿಟ್ಟು. "ನಾನು ಬಾಗ್ಲು ಕಾಯೋಳು. ಬರೋರು ಬತ್ತರೆ. ಬಾಗ್ಲಲ್ಲಿ ನಿಂತ್ಕಂಡು ಯಾರ್ನೂ ಎಳೀಬಾರ್ದು" ಎಂದು ಗದರುತ್ತಿದ್ದಳು.

ನನ್ನನ್ನು ಕೊಳ್ಳೇಗಾಲಕ್ಕೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಅರವತ್ತರ ದಶಕದ ನಡುವಿನ ಮಾತು. ಒಂದು ದಿನ ಬಿಸಿಲೇರುವ ಹೊತ್ತಿಗೆ ನೋವು ಶುರುವಾಯಿತು. ನಾನು ಸುಮ್ಮನೆ ನೋವು ತಿನ್ನುವ ಜಾತಿಯವಳಲ್ಲ. ಮನೆ ಹಾರಿಹೋಗುವ ಹಾಗೆ ಕೂಗಿಕೊಂಡೆ. ಅಣ್ಣ ಹೆದರಿ ಸೂಲಗಿತ್ತವ್ವನ ಮನೆಗೆ ಓಡಿದ, "ತಂಗಿ ಸತ್ತೇ ಹೋಗ್ತಾಳೆ ಬಾ" ಎಂದುಬಿಟ್ಟ. ಅವಸರವೇ ಆಗದ ಆ ಹೆಂಗಸು ಅವತ್ತು ಅವಸರ ಮಾಡಿದಳು. ಗಾಡಿದಾರಿ ಬಿಟ್ಟು ಗದ್ದೆ ಬದುವಿನ ಮೇಲೆ ಬಂದಳು. ನಾಟಿ ಮುಗಿದಿತ್ತು, ಬದುವಿಗೆ ಹೊಸ ಕೆಸರು ಮೆತ್ತಿದ್ದರು. ತೂಬಿನ ಹತ್ತಿರ ಕಾಲು ಜಾರಿ ಕಲ್ಲಿನ ಮೇಲೆ ಸೊಂಟದ ಮಗ್ಗುಲಿಗೆ ಬಿದ್ದಳು.

ಗದ್ದೆಯಲ್ಲಿದ್ದ ಆಳುಗಳು ಎಬ್ಬಿಸಲು ನೋಡಿದರೆ ಬಲಗಾಲು ಅವಳ ಮಾತು ಕೇಳಲಿಲ್ಲ. ಕಂಬಳಿಯಲ್ಲಿ ಮಲಗಿಸಿಕೊಂಡು ಅವಳ ಮನೆ ಕಡೆ ತಿರುಗಿದರಂತೆ. ಅವಳು ಅಣ್ಣನಿಗೆ ಬೈದಳು. "ಎತ್ತಾಗಿ ಓಯ್ತಿದ್ದೀರ್ಲಾ? ಮೊದ್ಲು ಉಡ್ಗಿ ತಾವಿಕೆ ನಡೀರಿ. ನನ್ ಕಾಲು ಎಲ್ಗೂ ಓಗಕ್ಕಿಲ್ಲ."

ಹೀಗೆ ನನ್ನ ಹೆರಿಗೆ ಕೋಣೆಗೆ ಸೂಲಗಿತ್ತವ್ವ ಕಂಬಳಿಯಲ್ಲಿ ಬಂದಳು. ನನ್ನ ಪಕ್ಕದ ಚಾಪೆಯ ಮೇಲೆ ಮಲಗಿಸಿದರು. ಆಯಾಸವಾಗಿ ಮಲಗಿದ್ದಾಳೆ ಅಂದುಕೊಂಡೆ. ಅವಳ ಬಲಪಾದ ಹೊರಕ್ಕೆ ತಿರುಗಿ ಮಗುಚಿಕೊಂಡಿದ್ದದ್ದು, ಆ ಕಾಲು ಇನ್ನೊಂದಕ್ಕಿಂತ ಚೋಟುದ್ದ ಗಿಡ್ಡವಾದ ಹಾಗೆ ಕಂಡದ್ದು ನೆನಪಿದೆ. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಅಲುಗಾಡದೆ ಮಲಗಿ, ಕತ್ತು ಮಾತ್ರ ಈ ಕಡೆ ತಿರುಗಿಸಿ, ನನ್ನ ತಾಯಿಯ ಕೈಗೆ ಅವಳು ಬಾಯಲ್ಲೇ ಕೆಲಸ ಹೇಳಿದಳು. "ಈಗ ಮುಟ್ಬ್ಯಾಡ. ಈಗ ಅಂಗೈ ಮಡಗು. ಒತ್ಬ್ಯಾಡ, ಸುಮ್ನೆ ಮಡಗು ಅಷ್ಟೆ." ನನ್ನ ಮಗಳು ಹುಟ್ಟಿದಳು. ಅಷ್ಟು ಹೊತ್ತೂ ನಾನು ಕಿರುಚಿದ್ದೇನು, ಗೋಳಾಡಿದ್ದೇನು! ಮುರಿದ ಮೂಳೆ ಇಟ್ಟುಕೊಂಡು ಪಕ್ಕದಲ್ಲಿ ಮಲಗಿದ್ದವಳ ಬಾಯಿಂದ ಒಂದು ಹಾ ಅನ್ನುವ ಶಬ್ದವಿಲ್ಲ. ಮಗು ಅತ್ತ ಮೇಲೆ ಮಾತ್ರ, "ಈಗ ಯಾರಾರ ನನ್ ಕಾಲ್ ನೋಡಿ" ಅಂದಳು.

ಮೂಳೆ ಕಟ್ಟುವವನೊಬ್ಬ ಬಂದ. ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದ. "ಕೈ ಆದ್ರೆ ಕಟ್ತೀನಿ, ಮೊಣಕಾಲಿಂದ ಕೆಳಕ್ಕಾದ್ರೂ ಕಟ್ತೀನಿ. ಇದು ತೊಡೆ ಬುಡ, ನನ್ ಬಿದಿರು ದಬ್ಬೆ ನಿಲ್ಲಕ್ಕಿಲ್ಲ. ಮೈಸೂರ್ಗೆ ಓಯ್ರಿ" ಅಂದ. ಬೆಲ್ಲ ತುಂಬಲು ಬಂದಿದ್ದ ಲಾರಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಅಣ್ಣನೂ ಅವಳ ತಂಗಿಯ ಮಗನೂ ಹೋದರು. ನಾನು ಬಾಣಂತಿ. ಕಿವಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಮಲಗಿ ಲಾರಿಯ ಸದ್ದು ಕೇಳಿದೆ.

ಆಸ್ಪತ್ರೆಯಲ್ಲಿ ನಡೆದದ್ದನ್ನು ಅಣ್ಣ ಬಂದು ಹೇಳಿದ. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು ಇರುತ್ತದಂತೆ, ಸೊಂಟದ ಗೂಡಿನಲ್ಲಿ ತಿರುಗಲಿ ಅಂತ. ಗುಂಡಿನ ಕೆಳಗೆ ಸಣ್ಣ ಕತ್ತು. ಮುರಿದದ್ದು ಆ ಕತ್ತು. ಮೊದಲು ಕಾಲಿಗೆ ಭಾರ ಕಟ್ಟಿ ಎಳೆದು ಮಲಗಿಸಿದ್ದರು. ಆಮೇಲೆ ತೊಡೆಯ ಪಕ್ಕ ಕೊಯ್ದು, ಮೂರು ರೆಕ್ಕೆಯ ಕಬ್ಬಿಣದ ಮೊಳೆಯೊಂದನ್ನು ಕತ್ತಿನ ಮೂಲಕ ಗುಂಡಿನವರೆಗೆ ಹೊಡೆದರು. ಕಬ್ಬಿಣ ಅಂದದ್ದು ಅಣ್ಣ, ಉಕ್ಕು ಇರಬೇಕು. ನೋಡಲು ಹೋದವರಿಗೆಲ್ಲ ಅವಳು, "ಬಾಗ್ಲ್ ಕಾಯ್ತೀನಿ ಅಂತಿದ್ನಲ್ಲ, ನಂಗೇ ಅಗುಳಿ ಜಡ್ದವ್ರೆ ನೋಡ್ರವ್ವ" ಅನ್ನುತ್ತಿದ್ದಳಂತೆ. ಅಣ್ಣ ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ. ಬಿದ್ದದ್ದು ನನ್ನ ಕೂಗಿಗೆ ಓಡಿಬಂದು.

ಇಲ್ಲಿಯವರೆಗಿನದಕ್ಕೆ ವಿಧಿ ಅನ್ನಬಹುದು. ಮುಂದಿನದಕ್ಕೆ ಅನ್ನಲಾರೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲ ಮರ್ಯಾದೆ ಸೂಲಗಿತ್ತಿಗೆ. ರಂಗೋಲಿ ಬಿಟ್ಟು ಮಣೆ ಹಾಕಿ ಅವಳನ್ನು ಚಕ್ಕಳಮಕ್ಕಳ ಕೂರಿಸಿ, ಮಡಿಲಲ್ಲಿ ಮಗುವನ್ನು ಇಟ್ಟು, ಸೀರೆ ಕೊಟ್ಟು ಆರತಿ ಎತ್ತಬೇಕು. ಅವಳ ಮಡಿಲಿಂದ ಮಗು ತೊಟ್ಟಿಲಿಗೆ ಹೋಗಬೇಕು. ಅವಳು ಆಸ್ಪತ್ರೆಯಲ್ಲಿ ಇದ್ದದ್ದರಿಂದ ನಾವು ತೊಟ್ಟಿಲು ಶಾಸ್ತ್ರ ಮುಂದಕ್ಕೆ ಹಾಕಿದ್ದೆವು. ಕೊಳ್ಳೇಗಾಲದ ಬೀಗರು ಮುಖ ಸಣ್ಣ ಮಾಡಿಕೊಂಡರೂ ನನ್ನ ತಾಯಿ ಜಗ್ಗಲಿಲ್ಲ. ಅಷ್ಟು ಕಷ್ಟ ಪಟ್ಟವಳನ್ನು ಬಿಟ್ಟು ಯಾರು ತೊಟ್ಟಿಲು ಕಟ್ಟುತ್ತಾರೆ? ನನಗೂ ಅದೇ ಹಟ. ಅವಳ ಉಪಕಾರಕ್ಕೆ ಬೇರೇನು ಮಾಡಲು ನಮಗೆ ಗೊತ್ತಿತ್ತು?

ಅವಳು ಬಂದಳು, ಕಂಕುಳಿಗೆ ಎರಡು ಕೋಲು ಕೊಟ್ಟುಕೊಂಡು. ತಂಗಿಯ ಮಗ ಹೆಂಗಸರ ಗುಂಪು ನೋಡಿ ಗಾಡಿಯ ಹತ್ತಿರವೇ ನಿಂತ. ಬಲಗಾಲನ್ನು ನೆಲಕ್ಕೆ ತಾಕಿಸದೆ ಕುಪ್ಪಳಿಸುತ್ತ ಒಳಗೆ ಬಂದವಳು ಮಣೆಯನ್ನು ನೋಡಿ ನಿಂತಳು. "ಬ್ಯಾಡ ಬುಡ್ರವ್ವ, ನಿಂತ್ಕಂಡೇ ಎತ್ಕತೀನಿ" ಅಂದಳು.

ನಮ್ಮ ಕಡೆ ಮರ್ಯಾದೆ ಮಾಡಿಸಿಕೊಳ್ಳುವವರು ಒಂದೇ ಮಾತಿಗೆ ಒಪ್ಪಿಬಿಡಬಾರದು. ಬೇಡ ಅನ್ನಬೇಕು. ಮಾಡುವವರು ಬಿಡಬಾರದು. ಬೇಡ ಅಂದದ್ದನ್ನು ನಿಜವೆಂದು ನಂಬಿ ಸುಮ್ಮನಾದರೆ ಅದಕ್ಕಿಂತ ಅವಮಾನ ಇನ್ನಿಲ್ಲ. ಹಾಗಾಗಿ ಅವಳ ಬೇಡ ನಮ್ಮ ಕಿವಿಗೆ ಬೇಡವಾಗಿ ಬೀಳಲೇ ಇಲ್ಲ. ಚಿಕ್ಕಮ್ಮ, "ಏನ್ ಬೀಗಿತ್ತಿ ಆಡ್ದಂಗೆ ಆಡ್ತೀಯಲ್ಲ, ಬಾ" ಎಂದು ರೇಗಿಸಿದಳು. ಎಲ್ಲರೂ ನಕ್ಕರು. ಅವಳು ಮತ್ತೆ, "ದಿಟಾಗ್ಲೂ ಬ್ಯಾಡ ಕಣವ್ವ" ಅಂದಳು. ಆಗ ನಾನು ಮಗುವನ್ನು ಎದೆಗೆ ಅವಚಿಕೊಂಡು ಹೇಳಿದೆ: "ನೀನು ಕೂರದಿದ್ರೆ ನನ್ ಮಗ ತೊಟ್ಲಿಗೆ ಓಗಲ್ಲ. ಅಂಗೇ ನೆಲದ್ಮೇಲೆ ಬೆಳೀಲಿ." ಹೆಣ್ಣು ಕೂಸನ್ನೂ ನಾವು ಮಗ ಅಂತಲೇ ಕರೆಯುವುದು.

ಅವಳು ನನ್ನನ್ನು ನೋಡಿದಳು. ಕೋಲುಗಳನ್ನು ಚಿಕ್ಕಮ್ಮನ ಕೈಗೆ ಕೊಟ್ಟಳು. ಇಬ್ಬರು ಹೆಗಲು ಹಿಡಿದು ಕೂರಿಸಿದರು. ಬಲಗಾಲನ್ನು ಎರಡು ಕೈಯಿಂದ ತಾನೇ ಹಿಡಿದು ಮಡಚಿಕೊಂಡಳು. ನಾನು ಅವಳ ಮಡಿಲಲ್ಲಿ ಮಗುವನ್ನು ಇಟ್ಟೆ. ಆರತಿ ಎತ್ತುವಾಗ ಹಾಡು ಒಂದು ಮುಗಿದರೂ ನಾವು ಬಿಡಲಿಲ್ಲ, ಇನ್ನೊಂದು ಹಾಡಿದೆವು. ಅವಳ ಮೇಲ್ದುಟಿಯ ಮೇಲೆ ಬೆವರು ಸಾಲಾಗಿ ನಿಂತಿತ್ತು. ಮಗುವಿನ ಮುಖ ನೋಡಿಕೊಂಡು ನಗುತ್ತಲೇ ಇದ್ದಳು. ಎಬ್ಬಿಸುವಾಗ ಏಳಲು ಆಗಲಿಲ್ಲ. "ಕಾಲು ಜೋಮು ಇಡ್ದದೆ" ಅಂದಳು. ನಾವು ನಂಬಿದೆವು. ಹೊಸ ಸೀರೆಯ ಸಮೇತ ಗಾಡಿಯಲ್ಲಿ ಮಲಗಿಸಿ ಕಳಿಸಿದೆವು.

ಆಮೇಲೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಕಾಲು ಮತ್ತೆ ಗಿಡ್ಡವಾಯಿತು, ಪಾದ ಮತ್ತೆ ಹೊರಕ್ಕೆ ಮಗುಚಿತು. ಅವಳ ತಂಗಿಯ ಮಗ ನಮ್ಮ ಮನೆ ಬಾಗಿಲಿಗೆ ಬಂದು ಅತ್ತುಬಿಟ್ಟ. "ನೆಲದ್ ಮೇಲೆ ಕೂರ್ಲೇಬೇಡಿ, ಕಾಲ್ ಮಡಚ್ಲೇಬೇಡಿ ಅಂತ ಡಾಕ್ಟ್ರು ನಂಗೂ ಅವ್ಳಿಗೂ ಏಳಿ ಕಳ್ಸಿದ್ರು ಕಣ್ರವ್ವ. ನಿಮ್ಗೆ ಏಳ್ನಿಲ್ವ ಅವ್ಳು?"

ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಓಡಿಹೋಗಿ ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ತೊಟ್ಲು ಮುಂದೆ ಮುರ್ದಿದ್ದು, ಕೊಯ್ದಿದ್ದು ಅಂತ ಮಾತಾಡಾರ? ಎಳೇ ಮಗೀನ್ ಕಿವಿಗೆ ಬೀಳ್ಬಾರ್ದು ಕಣವ್ವ ಅದು" ಅಂದಳು.

ಎರಡನೇ ಸಲ ಮೈಸೂರಿಗೆ ಅವಳ ಜೊತೆ ನಾನೇ ಹೋದೆ. ಎಳೆಗೂಸು ಕಟ್ಟಿಕೊಂಡು ಆಸ್ಪತ್ರೆ ಸೇರುತ್ತಾಳೆ ಎಂದು ಗಂಡನ ಮನೆಯವರು ಕೂಗಾಡಿದರು. ನಮ್ಮ ಮಾವನವರಂತೂ, ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ವರ್ಷಗಳೇ ಆಗಿದ್ದರೂ, ದೊಡ್ಡ ಕಾಯಿಲೆ ಅಂದರೆ ಕೊಯಮತ್ತೂರೇ ಅನ್ನುವ ಪೈಕಿ. ನಾನು ಯಾರ ಮಾತೂ ಕೇಳಲಿಲ್ಲ. ಮಾಡಿದ್ದನ್ನು ತೊಳೆದುಕೊಳ್ಳುವ ಆಸೆ.

ಡಾಕ್ಟರು ಎಕ್ಸ್‌ರೇ ಪಟವನ್ನು ಬೆಳಕಿಗೆ ಹಿಡಿದರು. ಮೊಳೆ ಗುಂಡನ್ನು ಸೀಳಿಕೊಂಡು ಆಚೆ ಬಂದದ್ದು ನನ್ನ ಕಣ್ಣಿಗೂ ಕಂಡಿತು. ಅವರು ಒಳ್ಳೆಯವರು, ಅದಕ್ಕೇ ಸಿಟ್ಟು ಬಂತು. ವಾರ್ಡಿನವರೆಲ್ಲ ಕೇಳುವ ಹಾಗೆ ಬೈದರು. "ಅಷ್ಟು ಹೇಳಿ ಕಳಿಸಿದ್ದೆನಲ್ಲಮ್ಮ! ಯಾರು ನಿಮ್ಮನ್ನು ನೆಲದ ಮೇಲೆ ಕೂರಿಸಿದ್ದು?"

ನಾನು ಮಂಚದ ಕಾಲ ಬುಡದಲ್ಲಿ ನಿಂತಿದ್ದೆ. ಅವತ್ತು ಅವಳ ಮಡಿಲಲ್ಲಿದ್ದ ಆ ಮಗುವೇ ನನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ನಾನೇ ಸಾರ್ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವಳು ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು: "ಯಾರೂ ಇಲ್ಲ ಸಾ. ನಾನೇ ಕುಂತ್ಕಂಡೆ. ಅಭ್ಯಾಸ ಬಲ." ಡಾಕ್ಟರು ಹಣೆ ಚಚ್ಚಿಕೊಂಡು, "ನಿಮ್ಮಂಥವರಿಗೆ ಎಷ್ಟು ಮಾಡಿದರೂ ಅಷ್ಟೇ" ಎಂದು ಹೋದರು. ನಾನು ಮಗುವಿನ ಕುಲಾವಿ ಸರಿಮಾಡಿದೆ. ಅವಳು ಬೈಸಿಕೊಂಡದ್ದಕ್ಕಿಂತ, ಬೈಸಿಕೊಳ್ಳಲು ನಾನು ಬಿಟ್ಟದ್ದು ಇವತ್ತಿಗೂ ಸುಡುತ್ತದೆ.

ಈ ಸಲ ಮೊಳೆಯನ್ನು ಕಿತ್ತು, ಸೀಳಿಹೋದ ಗುಂಡನ್ನೂ ತೆಗೆದು, ಕಾಂಡವಿರುವ ಉಕ್ಕಿನ ಗುಂಡೊಂದನ್ನು ಮೂಳೆಯ ಒಳಕ್ಕೆ ಇಳಿಸಿದರು. ಕಾಲುಗಳ ನಡುವೆ ದಿಂಬು ಕಟ್ಟಿ ಮಲಗಿಸಿದರು. ಮಗ್ಗುಲಾಗುವಂತಿಲ್ಲ, ಒಂದರ ಮೇಲೊಂದು ಕಾಲು ಹಾಕುವಂತಿಲ್ಲ. ನಡೆಸುವುದಕ್ಕೆ ಶುರು ಮಾಡಿದಾಗ ಎರಡು ಕಬ್ಬಿಣದ ಕಂಬಿಗಳ ನಡುವೆ ನಿಲ್ಲಿಸಿ, ಮೊದಲು ಕೋಲು, ಆಮೇಲೆ ಆ ಕಾಲು, ಆಮೇಲೆ ಈ ಕಾಲು ಎಂದು ನರ್ಸಮ್ಮ ಕಲಿಸುತ್ತಿದ್ದಳು. ಊರ ಮಕ್ಕಳ ಮೊದಲ ಹೆಜ್ಜೆಗೆಲ್ಲ ಚಪ್ಪಾಳೆ ತಟ್ಟಿದ್ದವಳು ತನ್ನ ಹೆಜ್ಜೆಗೆ ತಾನೇ, "ತಾರಮ್ಮಯ್ಯ" ಎಂದು ಹಾಡಿಕೊಂಡು ವಾರ್ಡನ್ನು ನಗಿಸುತ್ತಿದ್ದಳು.

ಅವಳು ಅತ್ತದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ನೋವಿಗಲ್ಲ. ಬಹಿರ್ದೆಸೆಗೆ ಮಲಗಿದಲ್ಲೇ ಪಾತ್ರೆ ಕೊಡಬೇಕಿತ್ತು. ನಾನು ಅದನ್ನು ಎತ್ತಿಕೊಂಡು ಹೊರಟರೆ ಸೆರಗು ಮುಖಕ್ಕೆ ಎಳೆದುಕೊಂಡು ಬಿಕ್ಕಿದಳು. "ಬಾಣ್ತೀರ್ ಒಲ್ಸು ಬಳ್ದೋಳು ನಾನು, ನನ್ನ ಬಾಣ್ತಿ ಕೈಲಿ ಬಳಿಸ್ಕಂಡ್ನಲ್ಲ" ಅಂದಳು. ತೊಳೆದು ಬಂದು ಪಕ್ಕದಲ್ಲಿ ಕೂತು ಕಾಲು ಒತ್ತಲು ಹೋದೆ. "ನನ್ನಿಂದ ಆದದ್ದು" ಎಂದು ಶುರು ಮಾಡಿದೆ. ಮುಂದಕ್ಕೆ ಬಿಡಲಿಲ್ಲ. "ಆಲ್ ಕುಡ್ಸು ಓಗು, ಮಗ ಅಳ್ತದೆ" ಎಂದು ಕಳಿಸಿದಳು. ಮಗು ಅಳುತ್ತಿರಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರು ಈ ಸಲ ನನ್ನನ್ನೇ ಕರೆದು ಹೇಳಿದರು. ಇನ್ನು ಜನ್ಮದಲ್ಲಿ ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಚಕ್ಕಳಮಕ್ಕಳ ಹಾಕುವಂತಿಲ್ಲ, ಕೂತರೆ ಗುಂಡು ಗೂಡಿನಿಂದ ಜಾರುತ್ತದೆ. ಅವಳು ಕೇಳಿದ್ದು ಒಂದೇ ಮಾತು. "ಅಂಗಾರೆ ಎರಿಗೆ ಮಾಡ್ಸೋದು ಎಂಗೆ ಸಾ?" ಅವರು ಚೀಟಿ ಬರೆದು ನನ್ನ ಕೈಗೆ ಕೊಟ್ಟರು.

ಮಾಡಿಸಲು ಅವಳಿಗೆ ಆಗಲೂ ಇಲ್ಲ. ಒಂದೆರಡು ಕಡೆ ಮಂಚದ ಮೇಲೆ ಮಲಗಿಸಿ, ತಾನು ಸ್ಟೂಲಿನ ಮೇಲೆ ಕೂತು ನೋಡಿದಳು. ನಮ್ಮ ಕಡೆ ಹೆಂಗಸರಿಗೆ ಮಂಚದ ಮೇಲೆ ಹೆರುವುದು ಹೇಸಿಗೆ ಅನ್ನಿಸಿತು. ಮೆಲ್ಲಮೆಲ್ಲಗೆ ಕರೆಯುವುದು ನಿಂತಿತು. ಕೆಲವರು ಪಕ್ಕದೂರಿನವಳನ್ನು ಕರೆಸಿದರು, ಕೆಲವರು ಯಳಂದೂರಿನ ಆಸ್ಪತ್ರೆಗೆ ಹೋದರು. ಜಗುಲಿಯ ಮೇಲೆ ಎತ್ತರದ ಬೆಂಚು ಹಾಕಿಕೊಂಡು ಕೂತಿರುತ್ತಿದ್ದಳು, ಎದ್ದರೆ ಒಂದು ಕೋಲು. ಯಾರದೋ ಮನೆಯಿಂದ ನೋವಿನ ಕೂಗು ಕೇಳಿಸಿದರೆ ಅವಳ ಕೈಬೆರಳುಗಳು ತಾವಾಗಿ ಆಡುತ್ತಿದ್ದವು ಎಂದು ಅಣ್ಣ ಹೇಳಿದ.

ನನ್ನ ಎರಡನೇ ಹೆರಿಗೆ ಕೊಳ್ಳೇಗಾಲದಲ್ಲೇ ಆಯಿತು, ಆಸ್ಪತ್ರೆಯಲ್ಲಿ. ಗಂಡನ ಮನೆಯವರು ಹೇಳಿದರು, ನಾನು ಸರಿ ಅಂದೆ. ಅವಳನ್ನು ಹಾಗೆ ಮಾಡಿದವಳೇ ಅವಳ ಕೈ ಬಿಟ್ಟು ಹೋದೆ. ಗೊತ್ತಾಗಿ, ಅವಳು ತಂಗಿಯ ಮಗನ ಜೊತೆ ಬಸ್ಸು ಹತ್ತಿ ಮಗು ನೋಡಲು ಬಂದಳು. ನನಗೆ ತಲೆ ಎತ್ತಲಾಗಲಿಲ್ಲ. ಅವಳು ಕೂಸನ್ನು ಎತ್ತಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನಿಂತು, ಅದರ ಹೊಕ್ಕುಳು, ಅಂಗಾಲು, ನೆತ್ತಿ ಎಲ್ಲ ನೋಡಿದಳು. "ಚೆಂದಾಗಿ ಮಾಡವ್ರೆ ಬುಡು. ಎತ್ರದ ಮೇಜಿನ್ ಮೇಲೆ ಎರ್ಸ್ತರಂತಲ್ಲ, ನಿಂತ್ಕಂಡೇ. ನಂಗೂ ಮೊದ್ಲೇ ಆ ಬುದ್ಧಿ ಇದ್ದಿದ್ರೆ!" ಎಂದು ನಕ್ಕಳು. ಮಾದಪ್ಪನ ಬೆಟ್ಟಕ್ಕೆ ಹೋಗಿಬರೋಣ, ನಿನ್ನ ಕಾಲಿಗೆ ಹರಕೆ ಹೊತ್ತಿದ್ದೇನೆ ಅಂದೆ. "ನಡ್ಯೋ ಕಾಲ್ಗೆ ಅರ್ಕೆ ಯಾಕೆ? ನಡೀತೀನಲ್ಲ. ಕೂರೋ ಕಾಲು ಕೊಡಪ್ಪ ಅಂತ ಕೇಳು" ಅಂದಳು. ತಮಾಷೆಗೇ ಅಂದದ್ದು. ನಾನು ಆಚೆ ಹೋಗಿ ಅತ್ತೆ.

ಎಪ್ಪತ್ತರ ದಶಕದ ಮೊದಲಿಗೆ ಅವಳು ತೀರಿಕೊಂಡಳು. ನಿದ್ದೆಯಲ್ಲೇ ಪ್ರಾಣ ಹೋಗಿ, ಬೆಳಿಗ್ಗೆ ನೋಡುವಷ್ಟರಲ್ಲಿ ಮೈ ಸೆಟೆದಿತ್ತು. ಸುದ್ದಿ ಬಂದ ಕೂಡಲೆ ಮಗಳನ್ನು ಕರೆದುಕೊಂಡು ಕೊಳ್ಳೇಗಾಲದಿಂದ ಬಸ್ಸು ಹತ್ತಿದೆ. ಮಗಳನ್ನು ತಾಯಿಯ ಹತ್ತಿರ ಬಿಟ್ಟು ಅವಳ ಮನೆಗೆ ಹೋದರೆ, ಒಳಗೆ ಗಂಡಸರು ಗುಂಪಾಗಿ ಬಗ್ಗಿ ನಿಂತಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಪೂಜೆಗೆ ಕೂತ ಹಾಗೆ ಕೂರಿಸಿ ಸಮಾಧಿ ಮಾಡುತ್ತೇವೆ. ಅವಳ ಎಡಗಾಲು ಹೇಗೋ ಮಡಚಿಕೊಂಡಿತ್ತು. ಬಲಗಾಲು ಬಗ್ಗುತ್ತಿರಲಿಲ್ಲ. ಬಿಸಿನೀರಿನ ಬಟ್ಟೆ ಹಾಕಿ, ಎಣ್ಣೆ ತಿಕ್ಕಿ ನೋಡಿದ್ದರು. ಒಬ್ಬ ತೊಡೆ ಅಮುಕಿ ಹಿಡಿದಿದ್ದ, ಇನ್ನೊಬ್ಬ ಪಾದ ಹಿಡಿದಿದ್ದ. "ವಸಿ ಬಲವಾಗಿ ಒತ್ತು, ಬತ್ತದೆ" ಎಂದು ಯಾರೋ ಅಂದರು.

"ಕೈ ತೆಗೀರಿ" ಎಂದು ಕೂಗಿದೆ. ಅಷ್ಟು ಜನ ಗಂಡಸರ ನಡುವೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. "ಡಾಕ್ಟ್ರು ನಂಗೇ ಹೇಳಿದ್ರು, ಜನ್ಮದಲ್ಲಿ ಹಂಗೆ ಕೂರಿಸ್ಬೇಡಿ ಅಂತ."

ಪಾದ ಹಿಡಿದಿದ್ದವನು ಮೆಲ್ಲಗೆ, "ಜನ್ಮ ಮುಗೀತಲ್ಲವ್ವ" ಅಂದ.

"ಒಂದ್ಸಲ ಕೂರ್ಸಿದ್ದಾಯ್ತು. ಬ್ಯಾಡ ಅಂದ್ಳು, ಎರಡ್ ಸಲ ಬ್ಯಾಡ ಅಂದ್ಳು, ಕೇಳ್ಲಿಲ್ಲ. ನಾನೇ ಕೂರ್ಸಿದ್ದು. ಅವ್ಳಾಗಿ ಕೂತಿದ್ದಲ್ಲ, ನಾನು ಕೂರ್ಸಿದ್ದು." ಹೇಳುತ್ತ ಅಲ್ಲೇ ಕುಸಿದು ಅತ್ತೆ.

ಹಿಡಿದಿದ್ದವರು ಕೈ ಬಿಟ್ಟರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಬಗ್ಗಿ ಅವಳ ಕಾಲು ನೋಡಿದರು. "ಶಿವನ ಮುಂದೆ ಕಾಲು ಚಾಚಬಾರದು ಅನ್ನೋದು ನಡೆಯೋ ಕಾಲಿನವರಿಗೆ. ಅವಳು ಚಾಚಿಕೊಂಡೇ ಕೂರಲಿ. ಗುಂಡಿ ಉದ್ದ ತೆಗೀರಿ" ಅಂದರು. ಆಳುಗಳು ಮತ್ತೆ ಗುದ್ದಲಿ ಹಿಡಿದರು.

ನಾನೇ ಕೂರಿಸಿದ್ದು ಅನ್ನುವ ಮಾತನ್ನು ಡಾಕ್ಟರ ಮುಂದೆ ಆಡಬೇಕಿತ್ತು, ಅವಳ ಕಿವಿಗೆ ಕೇಳಿಸುವಾಗ. ಸತ್ತ ಮೇಲೆ ಆಡಿದ ಸತ್ಯದಿಂದ ಯಾರಿಗೇನು ಉಪಯೋಗ?

ಮಧ್ಯಾಹ್ನದ ಬಿಸಿಲಲ್ಲಿ ಅವಳನ್ನು ಇಳಿಸಿದರು. ಹಣೆ ತುಂಬ ವಿಭೂತಿ, ಒಂದು ಕಾಲು ಮಡಚಿ, ಒಂದು ಕಾಲು ಮುಂದಕ್ಕೆ ಚಾಚಿ ಕೂತಿದ್ದಳು. ನನ್ನ ತಾಯಿಯ ಜೊತೆ ಬಂದಿದ್ದ ಮಗಳು ಗುಂಡಿಯ ಅಂಚಿನಿಂದ ಬಗ್ಗಿ ನೋಡಿ, ನನ್ನ ಸೆರಗು ಎಳೆದಳು.

"ಅಜ್ಜಿ ಯಾಕಮ್ಮ ಒಂದ್ ಕಾಲ್ ಚಾಚ್ಕೊಂಡು ಕೂತವ್ಳೆ?"

ನಿನ್ನನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದಕ್ಕೆ ಎಂದು ಹೇಳಲು ನನ್ನ ಕೈಲಿ ಆಗಲಿಲ್ಲ. "ಅವ್ಳಿಗೆ ಅಭ್ಯಾಸ ಕಣ್ ಮಗ" ಎಂದೆ. ಅವಳ ಪುಟ್ಟ ಕೈಗೆ ಹಿಡಿ ಮಣ್ಣು ಕೊಟ್ಟು, ಹಾಕು ಅಂದೆ.